ಬಾಲರಾಜನ ಮಂಡಿನೋವು

ಬಾಲರಾಜನ ಮಂಡಿ ವಾಸಿಯಾಗಿ ಬಹಳ ದಿನವೇ ಆಗಿತ್ತು. ಈ ಸಂಗತಿ ಗೊತ್ತಿದ್ದದ್ದು ಬಾಲರಾಜನಿಗೆ ಮಾತ್ರ.

"ಇಲ್ಲಿ ನೋವಿದ್ಯಾ?" ಫಿಸಿಯೋಥೆರಪಿಸ್ಟ್ ಮಂಜುಶ್ರೀ ಕೇಳಿದಳು.

ಅವಳ ಒಂದು ಕೈ ಅವನ ಮಂಡಿಯ ಮೇಲೆ, ಇನ್ನೊಂದು ಹಿಮ್ಮಡಿಯ ಕೆಳಗೆ. ಹಣೆಗೆ ಬಿದ್ದ ಕೂದಲನ್ನು ಸರಿಸಲು ಕೈ ಬಿಡುವಿಲ್ಲದೆ, ತುಟಿ ಓರೆ ಮಾಡಿ ಉಫ್ ಎಂದು ಊದಿಕೊಂಡಳು. ಕೂದಲು ಹಾರಿ ಮತ್ತೆ ಅಲ್ಲೇ ಬಂದು ಕೂತಿತು. ಅದನ್ನು ನೋಡುತ್ತಿದ್ದ ಬಾಲರಾಜನಿಗೆ ನೋವಿತ್ತು, ಸುಳ್ಳಲ್ಲ. ಮಂಡಿಯಲ್ಲಿರಲಿಲ್ಲ, ಅಷ್ಟೇ.

"ಅಯ್ಯಯ್ಯೋ, ಸಾಕು ಸಾಕು!" ಎಂದು ತೊಡೆ ಬಿಗಿ ಹಿಡಿದ.

ಅವಳು ತಟ್ಟನೆ ನಿಲ್ಲಿಸಿದಳು. ಪೇಷಂಟ್ ನೋವು ಅಂದರೆ ಅದು ನೋವೇ, ಅಲ್ಲಿಂದ ಮುಂದಕ್ಕೆ ಒತ್ತಬಾರದು ಅನ್ನುವುದು ಅವಳ ನಿಯಮ. ಪಾಪ, ಆ ಒಳ್ಳೆಯತನವೇ ಈ ಕಳ್ಳನಿಗೆ ದಾರಿಯಾಗಿತ್ತು.

ಬಾಲರಾಜ್ ಸಿಂಗಾಪುರದವನು, ಅಂದರೆ ಬೆಂಗಳೂರಿನ ಯಲಹಂಕದ ಬಳಿಯ ಸಿಂಗಾಪುರ ಅನ್ನುವ ಹಳ್ಳಿಯವನು. ತಾತನ ಹೊಲವೆಲ್ಲ ಯಾವಾಗಲೋ ಲೇಔಟ್ ಆಗಿ, ಉಳಿದ ಮೂಲೆಯಲ್ಲಿ ಅವನೊಂದು ಶಟಲ್ ಕೋರ್ಟ್ ನಡೆಸುತ್ತಿದ್ದ. ಆಡುವಾಗ ಎಗರಿ ಇಳಿದದ್ದು ಎಡವಟ್ಟಾಗಿ ಮಂಡಿಯ ಲಿಗಮೆಂಟ್ ಹರಿಯಿತು. ಆಪರೇಷನ್ ಆದ ಮೇಲೆ ಯಲಹಂಕದ ಈ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬಂದು ಬಿದ್ದ. ಕ್ಲಿನಿಕ್ ಡಾಕ್ಟರ್ ರುಮಾನಾ ಅವರದು. ಮಂಜುಶ್ರೀ ಬಿಪಿಟಿ ಅನ್ನುವ ಫಿಸಿಯೋಥೆರಪಿ ಡಿಗ್ರಿ ಮುಗಿಸಿ ಅವರ ಕೈಕೆಳಗಿದ್ದಳು. ಮೊದಲ ದಿನವೇ "ಕುಂಟ್ಕೊಂಡು ಬಂದೋರು ಓಡ್ಕೊಂಡು ಹೋಗ್ತೀರಿ, ನೋಡ್ತಾ ಇರಿ" ಎಂದು ನಕ್ಕಿದ್ದಳು. ಓಡಿ ಹೋಗುವ ಆಸೆ ಅವನಿಗೆ ಅಂದೇ ಸತ್ತುಹೋಗಿತ್ತು.

ಇವತ್ತು ಅವಳ ಮುಖದಲ್ಲಿ ಆ ನಗು ಇರಲಿಲ್ಲ.

"ಬಾಲರಾಜ್, ಒಂದ್ ಮಾತು ಹೇಳ್ಲಾ? ನಾನು ಎಂಪಿಟಿ ಬಿಟ್ಬಿಡ್ತಿದೀನಿ."

"ಯಾಕ್ರೀ? ಮಂಗಳೂರಲ್ಲಿ ಮಾಸ್ಟರ್ಸ್ ಸೀಟ್ ಸಿಕ್ತು ಅಂತ ಕುಣೀತಿದ್ರಿ!"

"ಸಿಕ್ಕಿದೆ. ಶನಿವಾರದೊಳಗೆ ಸೇರ್ತೀನೋ ಇಲ್ವೋ ಹೇಳ್ಬೇಕು. ಅಪ್ಪ ಹೆಬ್ಬಾಳದಲ್ಲೇ ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್ ಕೋರ್ಸ್ ನೋಡಿದಾರೆ. ಎಸಿ ರೂಮಲ್ಲಿ ಕೂತ್ಕೊಂಡು ಮಾಡೋ ಕೆಲ್ಸ, ಮನೆಗೂ ಹತ್ರ." ಅವಳು ಟವೆಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. "ಬಿಪಿಟಿ ಸೇರುವಾಗ್ಲೂ ಅಪ್ಪ, ಕಾಲೊತ್ತೋ ಕೆಲ್ಸಕ್ಕೆ ಇಷ್ಟ್ ವರ್ಷ ಓದ್ಬೇಕೇನಮ್ಮ ಅಂದಿದ್ರು. ಆಗ ಜಗಳ ಆಡಿ ಗೆದ್ದೆ. ಈಗ ಯಾವ ಮುಖ ಇಟ್ಕೊಂಡು ಜಗಳ ಆಡ್ಲಿ? ಮೇಡಂ ಪೂರ್ತಿ ನನಗೇ ಅಂತ ಬಿಟ್ಟ ಮೊದಲ್ನೇ ಸರ್ಜರಿ ಕೇಸ್ ನೀವು. ನಿಮ್ಮ ಮಂಡಿನೇ ಮಡಿಸೋಕಾಗ್ಲಿಲ್ಲ ನನ್ ಕೈಲಿ."

"ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?"

"ಇದೆ ಕಣ್ರೀ. ಎಲ್ಲಾ ಸರಿಯಾಗೇ ಮಾಡಿದೀನಿ, ಆದ್ರೂ ಆಗ್ತಿಲ್ಲ. ಅಂದ್ರೆ ಕೈಯಲ್ಲೇ ಏನೋ ಕಮ್ಮಿ ಇದೆ ಅಂತ ತಾನೆ?"

ಅವಳು ತನ್ನ ಅಂಗೈಯನ್ನು ನೋಡಿಕೊಂಡಾಗ ಬಾಲರಾಜ ಕಣ್ಣು ತಪ್ಪಿಸಿ ಗೋಡೆ ನೋಡಿದ. ಆದರೆ ನಿಜ ಹೇಳಿಬಿಡಬೇಕಲ್ಲ, ಅದಕ್ಕೂ ಮುಂಚೆ ಅವನ ಕಿವಿಗೆ ಹೆಬ್ಬಾಳ ಅನ್ನುವ ಒಂದು ಮಾತು ಬಿದ್ದು ಎದೆ ಹಿಗ್ಗಿತ್ತು. ಮಂಗಳೂರೆಲ್ಲಿ, ಹೆಬ್ಬಾಳವೆಲ್ಲಿ! ಸುಮ್ಮನಿದ್ದರೆ ಸಾಕು, ಅವಳು ಇಲ್ಲೇ ಇರುತ್ತಾಳೆ. ಬಾಯಿಬಿಟ್ಟರೆ ಹೋಗುತ್ತಾಳೆ, ಅದೂ ಇವನ ಮುಖ ಇನ್ನೆಂದೂ ನೋಡದ ಹಾಗೆ.

ಎಂದಿನಂತೆ ಕುಂಟುತ್ತಲೇ ಹೊರಗೆ ಬಂದ.

ಮನೆಗೆ ಹೋಗುವಾಗ ಜಕ್ಕೂರು ಕೆರೆ ಏರಿಯ ಹತ್ತಿರ ಗಾಡಿ ನಿಲ್ಲಿಸಿದ. ಇದು ಅವನ ದಾರಿಯೇ ಅಲ್ಲ, ಆದರೂ ದಿನಾ ಇದೇ ದಾರಿ. ಆಚೆ ದಡದ ಅಪಾರ್ಟ್‌ಮೆಂಟ್‌ಗಳ ಹಿಂದೆ ಎಲ್ಲೋ ಹಳೇ ಊರು, ಅಲ್ಲೆಲ್ಲೋ ಅವಳ ಮನೆ. ಇನ್ನು ಸ್ವಲ್ಪ ಹೊತ್ತಿಗೆ ಅವಳೂ ಮನೆಗೆ ಬಂದು ಕಾಫಿ ಕುಡಿಯಬಹುದು, ಅಪ್ಪನಿಗೆ ಸರಿ ಎಂದು ಹೇಳಬಹುದು. ಗೊತ್ತಿಲ್ಲದ ಆ ಮನೆಯ ಮೇಲೆ ಅವನಿಗೆ ಎಷ್ಟೊಂದು ಹೊಟ್ಟೆಕಿಚ್ಚು ಬಂತೆಂದರೆ, ಅವನಿಗೇ ನಾಚಿಕೆಯಾಯಿತು.

ಮನೆಗೆ ಬಂದ ಮೇಲೆ ಕೋರ್ಟಿನಲ್ಲಿ ಚೆಲ್ಲಿದ್ದ ಶಟಲ್ ಕಾಕ್‌ಗಳನ್ನು ಕುಕ್ಕರುಗಾಲಲ್ಲಿ ಕೂತು ಆಯುತ್ತಿದ್ದ. ಬಾಗಿಲಲ್ಲಿ ಅವನ ಅಜ್ಜಿ ದೊಡ್ಡಮುನಿಯಮ್ಮ ಬಂದು ನಿಂತಿದ್ದು ಕಾಣಲಿಲ್ಲ.

"ಅಲೆ ಇವ್ನಾ! ಇಂಗೆ ಕುಕ್ಕರುಗಾಲಾಕಿ ಕುಂತವ್ನೆ! ಅಲ್ಲೋಗಿ ಅಯ್ಯೋ ಅಮ್ಮ ಅಂತ ಬಡ್ಕೋತೀಯಲ್ಲೋ?"

"ಅಜ್ಜೀ, ಮೆತ್ತಗೆ..."

"ಏನ್ ಮೆತ್ತಗೆ? ಓದ್ಸಲ ನಾನ್ ನಿನ್ ಜೊತೆ ಬಂದಿದ್ನಲ್ಲ, ಆ ಎಣ್ಮಗ ನನ್ ಕೈ ಇಡ್ಕೊಂಡು, ಅಜ್ಜಿ ನಿಮ್ ಮೊಮ್ಮಗನ್ನ ವಾಸಿ ಮಾಡೋಕಾಗ್ತಿಲ್ಲ, ಕ್ಷಮಿಸ್ಬುಡಿ ಅಂತು ಕಣ್ಲಾ. ಕಣ್ಣಾಗೆ ನೀರಿತ್ತು. ಆ ಉಡ್ಗಿ ಇಷ್ಟ ಅಂದ್ರೆ ಇಷ್ಟ ಅಂತ ಏಳು. ಅವ್ಳ ಇದ್ಯೆ ಮೇಲ್ಯಾಕೆ ಮಣ್ಣಾಕ್ತೀಯ?"

ಅವನು ಕಳಕೊಳ್ಳುವುದಕ್ಕೆ ಹೆದರಿದ್ದು ಅವಳನ್ನು, ತನ್ನ ಸುಳ್ಳಿನಿಂದ ಹಾಳು ಮಾಡುತ್ತಿದ್ದದ್ದೂ ಅವಳನ್ನೇ.

ಮರುದಿನ ಶುಕ್ರವಾರ. ಮಂಜುಶ್ರೀ ಪರದೆ ಎಳೆದು, "ಮಲಗಿ" ಎಂದಳು. ಅವನು ಮಲಗಲಿಲ್ಲ. ಅವಳ ಕಣ್ಣೆದುರೇ, ನೆಲದ ಮೇಲೆ ಪೂರಾ ಕುಕ್ಕರುಗಾಲಲ್ಲಿ ಕೂತ.

"ಹೇ! ಮಂಡಿ ಬಗ್ತಿದೆ! ಪೂರ್ತಿ ಬಗ್ತಿದೆ!" ಅವಳು ಚಪ್ಪಾಳೆ ತಟ್ಟಿಬಿಟ್ಟಳು. "ನೋವಿಲ್ವಾ? ಯಾವಾಗಿಂದ?"

"ಯುಗಾದಿಗೂ ಮುಂಚೆಯಿಂದ."

ಚಪ್ಪಾಳೆ ನಿಂತಿತು. ಹಬ್ಬ ಮುಗಿದು ಎಷ್ಟೋ ಕಾಲವಾಗಿತ್ತು. ಅವಳ ಮುಖದಲ್ಲಿ ಸಂತೋಷ ಇಳಿದು ಕೋಪ ಏರುವುದನ್ನು ಅವನು ಕೂತಲ್ಲಿಂದಲೇ ನೋಡಿದ.

"ಸುಳ್ಳು ಹೇಳಿದ್ರಾ? ರಾತ್ರಿಯೆಲ್ಲಾ ವಿಡಿಯೋ ನೋಡಿ, ಎಲ್ಲಿ ತಪ್ಪಾಯ್ತು ಅಂತ ತಲೆ ಕೆಡಿಸ್ಕೊಂಡಿದ್ದೀನಿ ನಾನು! ಏಳ್ರೀ ಮೇಲೆ!"

ಎದ್ದ. "ವಾಸಿಯಾದ್ರೆ ಬರೋ ಹಾಗಿರ್ಲಿಲ್ಲ. ಬರದೇ ಇರೋಕಾಗ್ತಿರ್ಲಿಲ್ಲ. ನಂಗೆ ನೀವಂದ್ರೆ ಇಷ್ಟ ಮಂಜುಶ್ರೀ. ಆದ್ರೆ ನಾನ್ ಮಾಡಿದ್ದು ಹಲ್ಕಾ ಕೆಲ್ಸ. ನಿಮ್ಮ ಕೈಯಲ್ಲಿ ಏನೂ ಕಮ್ಮಿ ಇಲ್ಲ. ಮಂಗಳೂರಿಗೆ ಹೋಗಿ."

"ನೀವು ಹೋಗಿ ಅಂದ್ರೆ ಹೋಗ್ಬೇಕಾ?"

"ಹೋಗ್ಬೇಡಿ ಅಂತ ಒಳಗೆ ಕಿರುಚ್ಕೋತಾ ಇದೀನಿ. ಆದ್ರೂ ಹೋಗಿ."

ಅವಳು ಮುಖ ತಿರುಗಿಸಿ ಕಿಟಕಿಯ ಕಡೆ ನಿಂತಳು. ಕೆಳಗೆ ಬಸ್ಸೊಂದು ಹಾರ್ನ್ ಹೊಡೆಯುತ್ತಲೇ ಇತ್ತು. ಅವಳ ಹೆಗಲು ಅಲುಗುತ್ತಿರುವುದು ಅಳುವಿಗೋ ಕೋಪಕ್ಕೋ ಅವನಿಗೆ ಗೊತ್ತಾಗಲಿಲ್ಲ. ಇನ್ನು ಇಲ್ಲಿ ತನಗೆ ಜಾಗವಿಲ್ಲ ಎಂದುಕೊಂಡು ಚಪ್ಪಲಿ ಮೆಟ್ಟಿದ.

"ರುಮಾನಾ ಮೇಡಂ ದಿನಾ ಕೇಳ್ತಿದ್ರು," ಅವಳು ತಿರುಗದೆಯೇ ಅಂದಳು. "ಆ ಸಿಂಗಾಪುರದ ಕೇಸ್ ನನಗೆ ಕೊಡು, ಎರಡು ನಿಮಿಷದಲ್ಲಿ ನೋಡಿ ಹೇಳ್ತೀನಿ ಅಂತ. ನಾನು ಕೊಡ್ಲಿಲ್ಲ. ಇನ್ನೊಂದು ವಾರ ನೋಡ್ತೀನಿ ಮೇಡಂ ಅಂತಿದ್ದೆ. ಪ್ರತೀ ವಾರ."

"ಯಾಕೆ?"

"ಯಾಕೆ ಅಂತ ಕೇಳ್ತೀರಲ್ಲ, ಪೆದ್ದ!"

ತಿರುಗಿದಳು. ಕಣ್ಣು ಕೆಂಪಗಿತ್ತು, ಕೋಪ ಇನ್ನೂ ಪೂರ್ತಿ ಇಳಿದಿರಲಿಲ್ಲ. ಪರದೆಯನ್ನು ಸರ್ರನೆ ಸರಿಸಿ ಆಚೆಗೆ ಕೂಗಿದಳು: "ಮೇಡಂ, ಬಾಲರಾಜ್ ಕೇಸ್ ಡಿಸ್ಚಾರ್ಜ್! ಮಂಡಿ ಪೂರ್ತಿ ವಾಸಿ! ಆಮೇಲೆ, ನಾಳೆ ನಾನು ಮಂಗಳೂರಿಗೆ ಓಕೆ ಹೇಳ್ತಿದೀನಿ!"

ಒಳಗಿನಿಂದ ಡಾಕ್ಟರ್ ರುಮಾನಾ, "ಮಾಷಾ ಅಲ್ಲಾಹ್! ಅಂತೂ ಬುದ್ಧಿ ಬಂತಾ ಇಬ್ಬರಿಗೂ!" ಎಂದರು.

ಬಾಲರಾಜನಿಗೆ ಒಂದು ಕಡೆ ಹಿಗ್ಗು, ಇನ್ನೊಂದು ಕಡೆ ಸಂಕಟ. ಅವಳು ಮಂಗಳೂರಲ್ಲಿ ಎರಡು ವರ್ಷ. ಅವನು ತಲೆಯಾಡಿಸಿ ಬಾಗಿಲ ಕಡೆ ಹೊರಟ.

"ಎಲ್ಲಿಗೆ?"

"ಡಿಸ್ಚಾರ್ಜ್ ಅಂದ್ರಲ್ಲ."

ಮಂಜುಶ್ರೀ ಬಾಗಿಲಿಗೆ ಅಡ್ಡ ಬಂದು ನಿಂತಳು. "ಆಗ್ಲೇ ಏನೋ ಹೇಳಿದ್ರಿ. ಪೇಷಂಟ್ ಬಾಯಲ್ಲಿ ಅಂಥ ಮಾತು ನಾನು ಕೇಳಿಸ್ಕೊಳ್ಳೋ ಹಾಗಿಲ್ಲ, ಅದಕ್ಕೇ ಕೇಳಿಸ್ಕೊಂಡಿಲ್ಲ. ಈಗ ನೀವು ಪೇಷಂಟ್ ಅಲ್ಲ." ಅವಳ ದನಿ ಸಣ್ಣದಾಯಿತು. "ಇನ್ನೊಂದ್ಸಲ ಹೇಳಿ."