ಗೋಲಿನ ಮುಂದೆ ನಿಂತು ಕಾಯುವವನು

ಆ ಭಾನುವಾರ ಬೆಳಿಗ್ಗೆ ತನ್ವಿ ಆಡಿದ ಮೊದಲ ಮಾತೇ ಅವನ ಕಿವಿಗೆ ಬೀಳಬಾರದಾಗಿತ್ತು.

ಎರಡು ಸಾವಿರದ ಆರನೆಯ ಇಸವಿಯ ನವೆಂಬರ್ ತಿಂಗಳು, ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸುಗಳ ಹಿಂದಿನ ಮೈದಾನ. ತನ್ವಿಯ ತಂದೆ ಚಂದ್ರಮೋಹನರು ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್. ಕಚೇರಿಯ ಫುಟ್‌ಬಾಲ್ ತಂಡಕ್ಕೆ ಮ್ಯಾನೇಜರೂ ಅವರೇ. ಗೋಲಿನ ಸಮೀಪ ಅವರ ಪಕ್ಕದಲ್ಲಿ ಶಾಲು ಹೊದ್ದು ಕುಳಿತಿದ್ದ ತನ್ವಿಗೆ ಕಂಡದ್ದು ಇಷ್ಟು: ತಮ್ಮ ತಂಡದ ಡಿಫೆಂಡರ್ ಒಬ್ಬ ತಮ್ಮದೇ ಗೋಲಿನೆದುರು ಚೆಂಡನ್ನು ಪಾದದಡಿ ಒತ್ತಿಕೊಂಡು, ಬಸ್ಸಿಗೆ ಕಾಯುವವನಂತೆ ಸುಮ್ಮನೆ ನಿಂತಿದ್ದಾನೆ, ಎದುರಾಳಿಗಳಿಬ್ಬರು ಅವನ ಮೇಲೆ ನುಗ್ಗಿ ಬರುತ್ತಿದ್ದಾರೆ.

"ಮಾರ್! ದೂರ್ ಮಾರ್!" ಎಂದು, ಚೆಂಡನ್ನು ದೂರ ಒದೆಯಲು ಹೇಳುತ್ತ, ಕೋಚ್ ಧಿಲ್ಲೋನ್ ಸಾಹೇಬರು ಗಂಟಲು ಹರಿದುಕೊಳ್ಳುತ್ತಿದ್ದರು.

"ಅಪ್ಪಾ, ಈ ಮನುಷ್ಯನಿಗೆ ತಲೆ ಕೆಟ್ಟಿದೆಯಾ?" ಎಂದಳು ತನ್ವಿ. ದೆಹಲಿಯ ಮೈದಾನದಲ್ಲಿ ಕನ್ನಡ ತಿಳಿಯುವವರು ಯಾರಿದ್ದಾರೆಂಬ ಧೈರ್ಯದಿಂದ ಸ್ವಲ್ಪ ಗಟ್ಟಿಯಾಗಿಯೇ ಎಂದಳು.

ಅವನು ಕೊನೆಯ ಗಳಿಗೆಯಲ್ಲಿ ಪಾದವನ್ನೊಂದಿಷ್ಟು ಹೊರಳಿಸಿದ. ಚೆಂಡು ಆ ಇಬ್ಬರ ನಡುವಿನಿಂದ ನುಸುಳಿ, ಅವರು ಬಿಟ್ಟು ಬಂದ ಬಯಲಿನಲ್ಲಿ ಒಂಟಿಯಾಗಿ ನಿಂತಿದ್ದ ಜೊತೆಗಾರನನ್ನು ಸೇರಿತು. ಆಮೇಲೆ ತಿರುಗಿ, ಉಸಿರೂ ಏರದ ದನಿಯಲ್ಲಿ, "ಇನ್ನೂ ಕೆಟ್ಟಿಲ್ರೀ" ಎಂದ.

ತನ್ವಿ ಶಾಲಿನ ಅಂಚಿನಿಂದ ಅರ್ಧ ಮುಖ ಮುಚ್ಚಿಕೊಂಡಳು. "ಬೆಳಗಾವಿಯ ಹುಡುಗ. ಮಹಂತೇಶ್ ಅಂತ," ಎಂದರು ಚಂದ್ರಮೋಹನರು, ನಗುವನ್ನು ಮೀಸೆಯಲ್ಲೇ ತಡೆದು. "ಮೊದಲೇ ಕೇಳಿದ್ದರೆ ಹೇಳುತ್ತಿದ್ದೆ."

ತನ್ವಿ ಆ ಕುರ್ಚಿಗೆ ಬಂದು ಕುಳಿತದ್ದಕ್ಕೆ ಕಾರಣವಿತ್ತು. ಚಂದ್ರಮೋಹನರ ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆದು, ಹತ್ತು ಮಾರಿನಾಚೆಯ ಆಟಗಾರರೆಲ್ಲ ಬಣ್ಣದ ಮಸುಕುಗಳಾಗಿ ತೋರುತ್ತಿದ್ದರು. ಇದು ಮಡದಿ ಪದ್ಮಾಳನ್ನೂ ಮಗಳನ್ನೂ ಬಿಟ್ಟು ಮೂರನೆಯವರಿಗೆ ತಿಳಿಯದು. ಮೂವತ್ತೊಂದು ವರ್ಷ ತಮ್ಮ ರುಜುವಿನ ಮೇಲೆ ಯಾರೂ ಬೆರಳಿಡದಂತೆ ಬಾಳಿದ ಆ ಅಭಿಮಾನಿಗೆ, ಕಣ್ಣು ಕಾಣದವನೆಂದು ಕಚೇರಿಯಲ್ಲಿ ಹೇಳಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಆದ್ದರಿಂದ ಮೈದಾನದಲ್ಲಿ ನಡೆದುದನ್ನು ತನ್ವಿ ನೋಡಿ ಹೇಳುವಳು, ಸಂಜೆ ಊಟದ ಮೇಜಿನ ಬಳಿ ಅವರು ತಿದ್ದಿ ತೀಡಿದ ಇಂಗ್ಲಿಷಿನಲ್ಲಿ ವರದಿಯನ್ನು ಉಕ್ತಲೇಖನ ಕೊಡುವರು, ಅವಳೇ ಬರೆದುಕೊಳ್ಳುವಳು, ಅವರು ರುಜು ಮಾಡುವರು.

ಆ ವರದಿಗಳಿಗೆ ತೂಕವಿತ್ತು. ಮಹಂತೇಶ ಕ್ರೀಡಾ ಕೋಟಾದಲ್ಲಿ ಗುಮಾಸ್ತನಾಗಿ ಸೇರಿದವನು. ಒಂದು ವರ್ಷದ ಪ್ರೊಬೇಷನ್. ಆ ಋತುವಿನ ಮೂರು ಪಂದ್ಯಗಳ ಕುರಿತು ಮ್ಯಾನೇಜರರು ಏನು ಬರೆಯುತ್ತಾರೋ ಅದರಂತೆ ಅವನ ಕೆಲಸ ಖಾಯಂ ಆಗಬೇಕು, ಇಲ್ಲವೇ ಅವನು ಗಂಟುಮೂಟೆ ಕಟ್ಟಬೇಕು.

ಮೊದಲ ವರದಿಯಲ್ಲಿ ಚಂದ್ರಮೋಹನರು ಅವನನ್ನು ಮೆಚ್ಚಿ ಬರೆಸಿದರು. ಎರಡನೆಯದರಲ್ಲಿ ಇನ್ನಷ್ಟು ಮೆಚ್ಚಿದರು. ಆ ಹೊತ್ತಿಗೆ ತನ್ವಿಗೆ ಅವನ ನಡಿಗೆಯನ್ನು ಮಂಜಿನಲ್ಲಿಯೂ ಗುರುತಿಸುವುದು ಬರುತ್ತಿತ್ತು.

ಅಭ್ಯಾಸ ಮುಗಿದ ಬಳಿಕ ಮೈದಾನದ ಮೂಲೆಯಲ್ಲಿ ಚಹಾ ಮಾರುವ ಭಯ್ಯಾನ ಬಳಿ ಅವರಿಬ್ಬರು ಆಗೀಗ ಮಾತಿಗೆ ನಿಲ್ಲುತ್ತಿದ್ದರು. ಇಬ್ಬರ ನಡುವೆ ಯಾವಾಗಲೂ ಒಂದು ಸೈಕಲ್ ನಿಲ್ಲುವಷ್ಟು ಜಾಗವಿರುತ್ತಿತ್ತು. ಅದನ್ನು ಕಾಯ್ದುಕೊಂಡವರು ಯಾರೆಂದು ಹೇಳುವುದು ಕಷ್ಟ.

"ಮತಲಬ್, ಅಂದರೆ ನಿಮಗೆ ಹೆದರಿಕೆ ಆಗುವುದೇ ಇಲ್ಲವಾ?" ಎಂದು ಕೇಳಿದಳು ಒಂದು ದಿನ. "ಎಲ್ಲರೂ ಚೆಂಡನ್ನು ದೂರ ಒದ್ದು ಪಾರಾಗುತ್ತಾರೆ. ನೀವು ಮಾತ್ರ ಕರೆದು ಕೂರಿಸಿಕೊಳ್ಳುತ್ತೀರಿ."

"ಆಗ್ತದ್ರೀ. ಆದ್ರ ಒದ್ದರ ಚೆಂಡು ಅವರಿಗೇ ಹೋಗ್ತದ, ಮತ್ತ ತಿರುಗಿ ಬರ್ತದ." ಅವನು ಗಾಜಿನ ಲೋಟವನ್ನು ಅಂಗೈಗಳ ನಡುವೆ ಉರುಳಿಸುತ್ತ ಹೇಳಿದ. "ಅವರು ನನ್ನ ಹತ್ರ ಬರೂತನಕ ನಿಂತರ, ಅವರು ಬಿಟ್ಟು ಬಂದ ಜಾಗ ಖಾಲಿ ಆಗ್ತದ. ಅಲ್ಲಿಗೆ ಚೆಂಡು ಕೊಟ್ಟರ ನಮ್ಮ ಆಟ ಶುರು."

"ಅಷ್ಟು ಹೊತ್ತು ಏನು ನೋಡುತ್ತೀರಿ?"

"ಬರೂವನ ಕಾಲು. ಬೇರೆ ಏನೂ ನೋಡಬಾರದು."

"ಒಂದು ಸಲವೂ?"

ಅವನು ಲೋಟದಿಂದ ಕಣ್ಣೆತ್ತಿ ಅವಳನ್ನು ನೋಡಿದ. ಅವಳ ಹುಬ್ಬಿನ ಕೊನೆಯಲ್ಲಿದ್ದ ಸಣ್ಣ ತುಂಟತನವನ್ನು ಓದಿದ. ಓದಿ, ಮತ್ತೆ ಲೋಟಕ್ಕೆ ಮರಳಿದ. "ನೋಡಿದ್ರ ಕೆಲಸ ಕೆಟ್ಟಹಾಂಗ," ಎಂದ. ಅವನ ಕಿವಿಗಳು ಕೆಂಪೇರಿದ್ದವು. ಅದು ಚಳಿಗೇ ಇರಬೇಕೆಂದು ತನ್ವಿ ತನಗೆ ತಾನೇ ಹೇಳಿಕೊಂಡಳು, ನಂಬಲಿಲ್ಲ.

ಡಿಸೆಂಬರಿನಲ್ಲಿ ಮೂರನೆಯ ಪಂದ್ಯ. ಎರಡೂ ಕಡೆ ಗೋಲಿಲ್ಲ. ಉಳಿದದ್ದು ಹತ್ತು ನಿಮಿಷ. ಚೆಂಡು ಮಹಂತೇಶನ ಪಾದದಡಿ ಬಂದು ನಿಂತಿತು. ಹಿಂದೆ ಗೋಲ್‌ಕೀಪರ್ ಬಸವರಾಜ ಎಂದಿನಂತೆ ಪಾಸು ಸಿಗಬಹುದೆಂದು ಗೋಲು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದಿದ್ದ. ಎದುರಾಳಿ ಓಡಿ ಬರುತ್ತಿದ್ದ. ಮಹಂತೇಶ ಕಾದ. ಕಾಯುವ ಆ ಗಳಿಗೆಯಲ್ಲಿ ಅವನು ತಲೆಯೆತ್ತಿ ತನ್ವಿಯ ಕುರ್ಚಿಯತ್ತ ನೋಡಿದ.

ಅರೆಕ್ಷಣ. ಅವಳ ಕಣ್ಣು ಅವನ ಕಣ್ಣಿಗೆ ತಾಕಿತು. ಮರುಕ್ಷಣದಲ್ಲಿ ಎದುರಾಳಿಯ ಬೂಟು ಚೆಂಡನ್ನು ಕಿತ್ತುಕೊಂಡಿತ್ತು. ಚೆಂಡು ಬಸವರಾಜನನ್ನು ದಾಟಿ ಬಲೆಯಲ್ಲಿತ್ತು.

ತಂಡ ಸೋತಿತು. ಗೋಲು ಬಿಟ್ಟು ಹೊರಬಂದ ಕೀಪರನದೇ ತಪ್ಪೆಂದು ಕೆಲವರು ಬೈದರು. ಮಹಂತೇಶನದೆಂದು ಕೆಲವರು ಬೈದರು. ನಿಜ ಕಂಡವಳು ಅವಳೊಬ್ಬಳೇ.

ಸಂಜೆ ಮೇಜಿನ ಮೇಲೆ ಬಿಳಿಯ ಹಾಳೆ ಹರಡಿಕೊಂಡಿತು. ಚಂದ್ರಮೋಹನರು ಕಣ್ಣು ಮುಚ್ಚಿ ಹಿಂದಕ್ಕೊರಗಿ, "ಹೇಳು ಮಗಳೇ. ಆ ಗೋಲು ಹೇಗಾಯಿತು? ಕೀಪರ್ ಜಾಗ ಬಿಟ್ಟಿದ್ದನಂತಲ್ಲ?" ಎಂದರು.

ತನ್ವಿಯ ಬೆರಳುಗಳ ನಡುವೆ ಪೆನ್ನು ನಿಂತಿತು. ಹೌದೆಂಬ ಒಂದು ಮಾತು ಸಾಕು. ಅದು ಪೂರ್ತಿ ಸುಳ್ಳೂ ಅಲ್ಲ. ಅಷ್ಟಂದರೆ ಮಹಂತೇಶ ಖಾಯಂ ಆಗುತ್ತಾನೆ, ಈ ಊರಿನಲ್ಲಿಯೇ ಉಳಿಯುತ್ತಾನೆ. ಆದರೆ ಬಸವರಾಜನೂ ಅದೇ ಕೋಟಾದವನು, ಅದೇ ಪ್ರೊಬೇಷನ್ನಿನವನು. ಅವನಿಗೂ ಇದು ಮೂರನೆಯ ವರದಿ.

"ಕೀಪರನ ತಪ್ಪಲ್ಲ ಅಪ್ಪಾ," ಎಂದಳು. ದನಿ ತನ್ನದಲ್ಲವೆನಿಸಿತು. "ಮಹಂತೇಶ್ ಚೆಂಡಿನಿಂದ ಕಣ್ಣು ತೆಗೆದರು."

"ಕಣ್ಣು ತೆಗೆದು?"

"ನನ್ನನ್ನು ನೋಡಿದರು."

ಅಡುಗೆಮನೆಯಲ್ಲಿ ಪದ್ಮಾ ಮಾಡುತ್ತಿದ್ದ ಸದ್ದು ನಿಂತಿತು. ಚಂದ್ರಮೋಹನರು ಕಣ್ಣು ತೆರೆದು ನೇರವಾಗಿ ಕುಳಿತರು. "ಹಿಂದಿನ ಎರಡು ಸಲ ನೀನು ಹೇಳಿದ್ದು ನಿಜವೇ?" ಎಂದರು.

"ಒಂದು ಮಾತೂ ಸುಳ್ಳಲ್ಲ." ಅವಳು ತಲೆ ತಗ್ಗಿಸಿದಳು. "ಆದರೆ ನಾನು ಅವರನ್ನೊಬ್ಬರನ್ನೇ ನೋಡುತ್ತಿದ್ದೆ, ಅಪ್ಪಾ. ಉಳಿದ ಹತ್ತು ಜನ ಹೇಗೆ ಆಡಿದರೋ ನನಗೆ ಗೊತ್ತಿಲ್ಲ."

ಅವರು ಕೈಚಾಚಿ ತಡವರಿಸಿ, ಅವಳ ಮುಂದಿನ ಹಾಳೆಯನ್ನು ತಮ್ಮೆಡೆಗೆ ಎಳೆದುಕೊಂಡು ನಾಲ್ಕಾಗಿ ಮಡಿಸಿದರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಮರುದಿನ ಅವರು ಮೇಲಧಿಕಾರಿಯ ಎದುರು ನಿಂತು, ತಮ್ಮ ಕಣ್ಣಿನ ಸ್ಥಿತಿಯನ್ನು ಯಾರೂ ಕೇಳದೆಯೇ ಹೇಳಿದರು. ತಾವು ಕಾಣದ ಆಟಕ್ಕೆ ರುಜು ಹಾಕಿದ್ದಾಗಿ ಒಪ್ಪಿ ಮ್ಯಾನೇಜರಿಕೆಯನ್ನು ಬಿಟ್ಟರು. ಹಿಂದಿನ ಎರಡು ವರದಿಗಳೂ ರದ್ದಾದವು. ಧಿಲ್ಲೋನ್ ಸಾಹೇಬರ ಹೊಸ ವರದಿಯಲ್ಲಿ ಬಸವರಾಜ ಉಳಿದ. ಹೇಳಿದಂತೆ ಕೇಳದ ಮಹಂತೇಶ ಉಳಿಯಲಿಲ್ಲ.

ಜನವರಿಯ ಎರಡನೆಯ ಶನಿವಾರ ಅವನು ಮನೆಗೆ ಬಂದ, ಹೆಗಲಲ್ಲಿ ಕಿಟ್ ಬ್ಯಾಗು. ಬಾಗಿಲು ತೆರೆದ ತನ್ವಿ ಹಿಂದೆ ಸರಿಯಲಿಲ್ಲ. ಅವನು ಒಳಗೆ ಬರಲಿಲ್ಲ.

"ಕಲ್ಕತ್ತಾದಾಗ ಒಂದು ಕ್ಲಬ್ಬಿನ ಟ್ರಯಲ್ ಐತ್ರೀ. ಧಿಲ್ಲೋನ್ ಸಾಹೇಬರೇ ಚೀಟಿ ಕೊಟ್ಟಾರ. ನಮಗ ನಿನ್ನ ಆಟ ಹೊಂದಂಗಿಲ್ಲ, ಅಲ್ಲಿ ಹೊಂದಬಹುದು ಅಂದ್ರು." ಅವನು ಹೆಗಲಿನ ಬ್ಯಾಗನ್ನು ಸರಿಮಾಡಿಕೊಂಡ. ಬಳಿಕ, "ನಿಮ್ಮಪ್ಪಾರು ನನಗ ಎಲ್ಲಾ ಹೇಳಿದ್ರು. ಕೀಪರ್ ತಪ್ಪು ಅಂತ ನೀವು ಹೇಳಬಹುದಿತ್ತಲ್ರೀ," ಎಂದ.

"ಹೇಳಬಹುದಿತ್ತು."

"ನಾ ಎರಡು ದಿನ ಸಿಟ್ಟು ಮಾಡಿಕೊಂಡಿದ್ದೆ."

"ಮೂರನೆಯ ದಿನ?"

"ಬಸವರಾಜ ಊರಿಗೆ ಫೋನ್ ಹಚ್ಚಿ, ನೌಕರಿ ಖಾಯಂ ಆತು ಅಂತ ಅವರ ಅವ್ವಗ ಹೇಳಾಕತ್ತಿದ್ದ. ನನ್ನ ಸಿಟ್ಟು ಇಳೀತು." ಅವನು ಮೆಟ್ಟಿಲಿನತ್ತ ನೋಡಿದ, ಮತ್ತೆ ನೇರವಾಗಿ ಅವಳನ್ನೇ ನೋಡಿದ. "ಅವತ್ತು ನಾ ಯಾಕ ತಲೆ ಎತ್ತಿದೆ ಅಂತ ನೀವು ಕೇಳಲೇ ಇಲ್ಲ."

"ಈಗ ಕೇಳುತ್ತಿದ್ದೇನೆ."

"ನೀವು ನನ್ನ ನೋಡ್ತೀರೋ, ಬರೇ ಆಟ ನೋಡ್ತೀರೋ ತಿಳೀಬೇಕಿತ್ತು. ನನಗ ನಿಮ್ಮ ಮ್ಯಾಲೆ ಜೀವ ಐತ್ರೀ."

"ನನಗೆ ಆಟ ಇನ್ನೂ ಅರ್ಥವಾಗುವುದಿಲ್ಲ," ಎಂದಳು ತನ್ವಿ. ಕಣ್ಣು ತುಂಬಿದ್ದರೂ ದನಿ ನಡುಗಲಿಲ್ಲ. "ನಾನು ನೋಡಿದ್ದು ನಿಮ್ಮನ್ನೇ."

ಒಳಗಿನಿಂದ ಚಂದ್ರಮೋಹನರು ಗೋಡೆ ಹಿಡಿದು ಬಂದು ಬಾಗಿಲಲ್ಲಿ ನಿಂತರು. ಇಬ್ಬರೂ ದೂರ ಸರಿಯುವ ಯತ್ನ ಮಾಡಲಿಲ್ಲ.

"ಅಲ್ಲಿಯೂ ಹೀಗೆಯೇ ಆಡುತ್ತೀಯೇನಪ್ಪ?"

"ಹೌದು ಸರ್. ಬೇರೆ ಥರ ಬರಂಗಿಲ್ಲ."

"ಮುಂದಿನ ತಿಂಗಳು ನನ್ನ ಕಣ್ಣಿನ ಆಪರೇಷನ್ನು. ಕಟ್ಟು ಬಿಚ್ಚಿದ ಮೇಲೆ, ಹೋಳಿಯ ರಜೆಗೆ ಬಾ. ಆ ಮೈದಾನದಲ್ಲಿ ನನ್ನೆದುರು ಒಂದು ಆಟ ಆಡು." ಅವರು ಮಗಳಿದ್ದ ದಿಕ್ಕಿಗೆ ಮುಖ ತಿರುಗಿಸಿದರು. "ಇಷ್ಟು ದಿನ ನಾನು ನಿನ್ನನ್ನು ಕಂಡದ್ದೆಲ್ಲ ಇವಳ ಕಣ್ಣಿನಿಂದ. ಮಗಳನ್ನು ಕೊಡುವ ಮಾತಾಡಬೇಕಾದರೆ ತಂದೆ ತನ್ನ ಕಣ್ಣಿನಿಂದಲೇ ನೋಡಿರಬೇಕು." ಆಮೇಲೆ ಅಂದರು, "ಹೋಗು ತನ್ವಿ, ಬಸ್ ಸ್ಟಾಪಿನವರೆಗೆ ಬಿಟ್ಟು ಬಾ."

ಸ್ಟಾಪಿನಲ್ಲಿ ಅವರ ನಡುವೆ ಸೈಕಲ್ ನಿಲ್ಲುವಷ್ಟು ಜಾಗವಿರಲಿಲ್ಲ. ಮೊದಲ ಬಸ್ಸು ತುಂಬಿತ್ತೆಂದು ಬಿಟ್ಟರು. ಎರಡನೆಯದೂ ತುಂಬಿತ್ತೆಂದು ತನ್ವಿ ಹೇಳಿದಳು. ಅವನು ತಿರುಗಿಯೂ ನೋಡದೆ ಹೌದೆಂದ. ಮೂರನೆಯದು ಖಾಲಿಯಾಗಿಯೇ ಬಂದು ಅವರೆದುರು ನಿಂತಿತು. ಕಂಡಕ್ಟರ್ ಬಾಗಿಲು ಬಡಿದು, "ಚಲೋ, ಸ್ಟೇಷನ್, ಸ್ಟೇಷನ್," ಎಂದು ಕೂಗಿದ. ಇನ್ನು ಹೇಳಲು ಅವರಿಬ್ಬರಲ್ಲಿ ಯಾವ ನೆಪವೂ ಉಳಿದಿರಲಿಲ್ಲ.