ಬಿಗಿದೇ ಇದ್ದ ಬೋಲ್ಟು

ಬಟ್ಟೆ ಒಣಹಾಕುವಾಗ ತಮ್ಮನ ನೀಲಿ ಅಂಗಿಯನ್ನು ಅವಳು ಹೆಗಲ ಮೇಲೆ ಹಾಕಿಕೊಂಡು ಕೊನೆಗೆ ಉಳಿಸಿಕೊಳ್ಳುತ್ತಿದ್ದಳು. ತೊಡುವವನು ಇಲ್ಲ. ಆದರೂ ವಾರವಾರ ಒಗೆಯುತ್ತಾಳೆ.

ಒದ್ದೆ ಬಟ್ಟೆಯ ಭಾರಕ್ಕೆ ಹಗ್ಗ ನಡುವಲ್ಲಿ ಜಗ್ಗಿತು. ಅವಳು ಥಟ್ಟನೆ ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದಳು. ತೂಗುಸೇತುವೆ ಮಗುಚಿದ ದಿನದಿಂದ, ಜಗ್ಗುವ ಯಾವುದನ್ನು ಕಂಡರೂ ಹೀಗೆಯೇ...

"ಮಿಸ್ತ್ರಿ ಇದ್ದಾರಾ?"

ಗೇಟಿನಲ್ಲಿ ಒಬ್ಬ ಹೆಂಗಸು, ಕೈಯಲ್ಲಿ ಭಾರದ ಚೀಲ. ಸೇತುವೆ ಏಕೆ ಬಿತ್ತೆಂದು ತನಿಖೆ ಮಾಡುತ್ತಿದ್ದ ಎಂಜಿನಿಯರ್.

ಅಂಗಿ ಹೆಗಲಲ್ಲೇ ಉಳಿಯಿತು. "ಅವರು ಇಲ್ಲಿರಲ್ಲ."

ಇರದಂತೆ ಮಾಡಿದವಳು ಅವಳೇ! ಸೇತುವೆಯ ಉಕ್ಕಿನ ಹಗ್ಗಕ್ಕೆ ಕಬ್ಬಿಣದ ಹಿಡಿಕೆಗಳನ್ನು ಕೂರಿಸಿ ಬೋಲ್ಟು ಬಿಗಿದ ಮಿಸ್ತ್ರಿ ಅವಳ ಗಂಡ. ಆ ಹಿಡಿಕೆಗಳೇ ಜಾರಿ, ಹಲಗೆ ಓರೆಯಾಗಿ, ನೀರಿಗೆ ಬಿದ್ದವರಲ್ಲಿ ಅವಳ ತಮ್ಮನೂ ಇದ್ದ. ಹೆಣ ಮನೆಗೆ ಬಂದಾಗ, ಎಲ್ಲರೆದುರು, ನಿಮ್ಮ ಕೈ ಸಡಿಲಾಗಿದ್ದಕ್ಕೆ ನನ್ನ ತಮ್ಮ ಹೋದ ಎಂದುಬಿಟ್ಟಿದ್ದಳು.

ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಚಪ್ಪಲಿ ಮೆಟ್ಟಿ ಹೊರಟವನು ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿ ಉಳಿದುಬಿಟ್ಟ.

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಅವಳ ಮಾತು ಎಲ್ಲಿಗೂ ಹೋಗಿರಲಿಲ್ಲ. ದೀಪ ಆರಿಸಿದ ಮೇಲೆ ಮನೆಯೊಳಗೇ ಓಡಾಡುತ್ತಿತ್ತು.

ಎಂಜಿನಿಯರ್ ಚೀಲದಿಂದ ಒಂದು ಹಿಡಿಕೆ ತೆಗೆದು ಒಗೆಯುವ ಕಲ್ಲಿನ ಮೇಲಿಟ್ಟಳು. ಕಬ್ಬಿಣದ ಎರಡು ದವಡೆಗಳು, ನಡುವೆ ಹಗ್ಗದ ತುಂಡು. ಬೋಲ್ಟು ಇನ್ನೂ ಬಿಗಿಯಾಗಿತ್ತು.

ಆಮೇಲೆ ಬಟ್ಟೆಯ ಕ್ಲಿಪ್ಪೊಂದನ್ನು ಎತ್ತಿಕೊಂಡಳು. ಒಣಹಾಕುವ ಹಗ್ಗಕ್ಕೆ ಸಿಕ್ಕಿಸಿ ಎಳೆದರೆ ಕದಲಲಿಲ್ಲ. ಅದರ ಬಾಯೊಳಗೆ ಒಂದು ನೂಲೆಳೆ ಇಟ್ಟು ಎಳೆದಳು... ನೂಲು ಸರಕ್ಕನೆ ಜಾರಿ ಬಂತು. ಸೇತುವೆಯ ಹಳೆಯ ಹಗ್ಗ ಬದಲಿಸುವಾಗ ಗುತ್ತಿಗೆದಾರ ತೆಳುವಾದದ್ದನ್ನು ಹಾಕಿಸಿದ್ದನಂತೆ. ಹಿಡಿಕೆ ಮಾತ್ರ ಹಳೆಯ ಅಳತೆಯದೇ. ದವಡೆಗೆ ದವಡೆ ಕಚ್ಚಿಕೊಂಡಿತ್ತು, ಹಗ್ಗವನ್ನು ಕಚ್ಚಿರಲಿಲ್ಲ. ಮೇಲೆ ಮುಚ್ಚಳವಿದ್ದುದರಿಂದ ಬಿಗಿದವನಿಗೆ ಒಳಗಿನದು ಕಾಣುವಂತಿರಲಿಲ್ಲ.

"ಉಳಿದವನ್ನ ಬಿಚ್ಚೋಕೆ ನಮ್ಮವರು ಬೆವರು ಸುರಿಸಿದ್ರು ಅಕ್ಕಾ. ಮಿಸ್ತ್ರಿ ಕೈ ಸಡಿಲ ಇರ್ಲಿಲ್ಲ."

ಒದ್ದೆ ಹೊದಿಕೆಯ ಮರೆಯಲ್ಲಿ ಮಗಳು ಪುಟ್ಟಿ ನಿಂತಿದ್ದಳು. ಬಾಯಿ ತೆರೆದಳು, ಮುಚ್ಚಿದಳು. ಏನೆಂದು ಕೇಳಿದರೆ ಎಂದಿನಂತೆ ಏನಿಲ್ಲ ಎಂದಳು. ಮಾಮನ ಸುದ್ದಿ ಎತ್ತಿದರೆ ಅಮ್ಮ ಅಳುತ್ತಾಳೆಂದು ಆ ಮಗು ಒಂದು ಪ್ರಶ್ನೆಯನ್ನು ತಿಂಗಳುಗಟ್ಟಲೆ ನುಂಗಿಕೊಂಡೇ ಬಂದಿತ್ತು.

ಪುಟ್ಟಿಯ ಕೈ ಹಿಡಿದು ವರ್ಕ್‌ಶಾಪ್ ತಲುಪಿದಾಗಲೇ ಅವಳಿಗೆ ಹೆಗಲ ಮೇಲಿನ ಒದ್ದೆ ಅಂಗಿಯ ನೆನಪಾದದ್ದು.

ಕಬ್ಬಿಣಕ್ಕೆ ಅರ ಉಜ್ಜುತ್ತಿದ್ದ ಗಂಡನ ಕೈ ನಿಂತಿತು. ಗಡ್ಡ ಬೆಳೆದಿತ್ತು. ಸನ್ಯಾಸಿ ಆಗೋ ಯೋಚನೆಯಾ ಎಂದು ಮೊದಲಾಗಿದ್ದರೆ ರೇಗಿಸುತ್ತಿದ್ದಳು.

"ಬೋಲ್ಟು ಬಿಗಿಯಾಗೇ ಇತ್ತಂತೆ ರೀ..."

ಅವನು ಅರವನ್ನು ಬೆಂಚಿನ ಮೇಲಿಟ್ಟು ಕುಳಿತ.

"ಅವತ್ತೇ ಯಾಕೆ ಅಲ್ಲ ಅನ್ನಲಿಲ್ಲ?"

"ನಂಗೂ ಖಾತ್ರಿ ಇರ್ಲಿಲ್ಲ ಕಣೇ. ನಿದ್ದೇಲೂ ಬಿಗೀತಾನೇ ಇದ್ದೆ."

ಅವನ ಹಿಂದೆ, ಕೋಣೆಯ ಗೋಡೆಯ ಮೊಳೆಯಲ್ಲಿ, ಒಂದು ನೀಲಿ ಅಂಗಿ ತೂಗುತ್ತಿತ್ತು. ಬಾವ-ಮೈದುನ ಇಬ್ಬರೂ ಒಂದೇ ಬಟ್ಟೆಯಲ್ಲಿ ಹೊಲಿಸಿಕೊಂಡದ್ದು. ಅದನ್ನೂ ಯಾರೂ ತೊಡುತ್ತಿರಲಿಲ್ಲ.

ಅಯ್ಯೋ, ನಾನೊಬ್ಬಳೇ ಕಳೆದುಕೊಂಡೆ ಅಂದುಕೊಂಡಿದ್ದೆನಲ್ಲ!

ಅವಳು ಅವನ ಕೈ ಹಿಡಿದಳು. "ಬೇಡ, ಎಣ್ಣೆ ಮೆತ್ತಿದೆ," ಎಂದ.

"ಮೆತ್ತಲಿ. ತಪ್ಪು ನಂದು. ಮನೆಗೆ ಬನ್ನಿ."

ಪುಟ್ಟಿ ಗೋಡೆಯ ಅಂಗಿಯನ್ನು ನೋಡಿದಳು, ಅಮ್ಮನ ಹೆಗಲಿನದನ್ನು ನೋಡಿದಳು. ಬಾಯಿ ತೆರೆದಳು. ಈ ಸಲ ಮುಚ್ಚಲಿಲ್ಲ.

"ಅಪ್ಪಾ, ಮಾಮ ಹೋದಾಗ ಅಮ್ಮನ್ನ ಎಲ್ಲರೂ ಸಮಾಧಾನ ಮಾಡಿದ್ರು... ನಿನ್ನ ಯಾರು ಮಾಡಿದ್ರು?"