ಗಂಟು ಮೇಸ್ತ್ರಿ ಊರು ಬಿಟ್ಟ ವರ್ಷ

"ಸಿಕ್ಕಿಬಿಟ್ರು! ನಮ್ಮ ಮುತ್ತಜ್ಜ ಸಿಕ್ಕಿಬಿಟ್ರು!"

ಪುಟ ಮಗುಚುವ ಸದ್ದೂ ಜೋರು ಅನ್ನಿಸುವ ಓದುವ ಕೋಣೆಯಲ್ಲಿ ಪುಟ್ಟಿ ಕುರ್ಚಿಯಿಂದ ಎದ್ದು ನಿಂತು ಹೀಗೆ ಕೂಗಿದರೆ ಜನ ಸುಮ್ಮನಿರುತ್ತಾರೆಯೇ? ಪೇಪರ್ ಓದುತ್ತಿದ್ದವರೆಲ್ಲ ತಿರುಗಿ ನೋಡಿದರು. ಲೈಬ್ರರಿಯನ್ ಮೇಡಂ ಕನ್ನಡಕ ಮೂಗಿನ ತುದಿಗೆ ಜಾರಿಸಿ ಗುರಾಯಿಸಿದರು.

ಎದುರಿಗೆ ಕೂತಿದ್ದ ಯುವಕ ಮಾತ್ರ ತುಂಬಾ ಗಂಭೀರವಾಗಿ ಕೇಳಿದ.

"ಎಲ್ಲಿ ಕಳೆದುಹೋಗಿದ್ರು?"

ಪುಟ್ಟಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೆ ಖುಷಿ ತಡೆಯುವುದು ಹೇಗೆ? ಪುಸ್ತಕವನ್ನೇ ತಿರುಗಿಸಿ ಅವನ ಮುಂದೆ ತಳ್ಳಿದಳು.

"ಇಲ್ಲಿ ನೋಡಿ! ಊರಿನ ಬೀದಿಗಳ ಬಗ್ಗೆ ಯಾರೋ ಹಳೇ ಮೇಷ್ಟ್ರು ಬರೆದಿದ್ದು. 'ಹಗ್ಗದ ಬೀದಿಯಲ್ಲಿ ಎಳೆ ಮೇಸ್ತ್ರಿ ಮತ್ತು ಗಂಟು ಮೇಸ್ತ್ರಿ ಎಂಬ ಸ್ನೇಹಿತರು ಜೋಡಿ ಅಂಗಡಿ ನಡೆಸುತ್ತಿದ್ದರು. ಇವರು ಹೊಸೆದ ಹಗ್ಗವಿಲ್ಲದ ದೋಣಿ ಈ ನದಿಯಲ್ಲಿರಲಿಲ್ಲ.' ಆ ಎಳೆ ಮೇಸ್ತ್ರಿ ಇದಾರಲ್ಲ, ಅವರೇ ನಮ್ಮ ಅಜ್ಜಿಯ ಅಪ್ಪ!"

"ಇನ್ನೊಬ್ಬರು?"

"ಅಯ್ಯೋ, ಆ ಗಂಟು ಮೇಸ್ತ್ರಿನಾ?" ಪುಟ್ಟಿ ಕಿಸಕ್ಕನೆ ನಕ್ಕಳು. "ನಮ್ಮನೇಲಿ ಅವರದ್ದೇ ದೊಡ್ಡ ಜೋಕು. ಗಂಟು ಮೇಸ್ತ್ರಿ ಗಂಟುಮೂಟೆ ಕಟ್ಕೊಂಡು ಓಡಿಹೋದ ಅಂತ! ಪಾಲುದಾರನ ಕೈಬಿಟ್ಟು ರಾತ್ರೋರಾತ್ರಿ ಪರಾರಿ!"

ಯುವಕ ನಗಲಿಲ್ಲ. ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟು ಅದನ್ನು ಮತ್ತೊಮ್ಮೆ ಓದಿದ.

ಪುಟ್ಟಿ ಅದನ್ನು ಗಮನಿಸಲೇ ಇಲ್ಲ... ಗಮನಿಸಿದ್ದರೆ ಈ ಕಥೆ ಅಲ್ಲೇ ಮುಗಿದುಹೋಗುತ್ತಿತ್ತೇನೋ!

ಪುಟ್ಟಿ ಅಂದರೆ ಪುಟ್ಟ ಹುಡುಗಿಯಲ್ಲ. ಬೀದಿಯವರೆಲ್ಲ ಕರೆಯುವ ಹೆಸರು ಹಾಗೇ ಅಂಟಿಕೊಂಡಿತ್ತು, ಅಷ್ಟೇ. ಅಪ್ಪನ ಜೊತೆ ಹಗ್ಗ, ಹುರಿ, ಬಲೆ ಮಾರುವ ಅಂಗಡಿ ನೋಡಿಕೊಳ್ಳುತ್ತಿದ್ದಳು. ಮುತ್ತಜ್ಜನ ಕಾಲದ ಆ ಅಂಗಡಿಗೆ ನೂರು ವರ್ಷ ತುಂಬುತ್ತಿತ್ತು. ಗೋಡೆಯ ಮೇಲೆ ಅಂಗಡಿಯ ಚರಿತ್ರೆ ಬರೆಸಬೇಕು ಎಂದು ಅಪ್ಪನಿಗೆ ಆಸೆ. ಆದರೆ ಮನೆಯಲ್ಲಿ ಇದ್ದದ್ದು ಅಜ್ಜಿಯ ಬಾಯಿಮಾತು ಮಾತ್ರ. ಅದೂ ಹೇಳಿದ ಸಲಕ್ಕೊಂದು ಥರ! ಅದಕ್ಕೇ ಅವಳು ಊರಿನ ಚರಿತ್ರೆಯ ಪುಸ್ತಕಗಳ ಬೆನ್ನು ಹತ್ತಿದ್ದು.

ಆ ಯುವಕ ಲಿಫ್ಟ್ ಮೆಕ್ಯಾನಿಕ್. ಕೆಲಸಕ್ಕೆಂದು ಈ ಊರಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ.

"ನೀವು ಹಗ್ಗ ಮಾರ್ತೀರಿ. ನಾನು ಹಗ್ಗ ನಂಬಿ ಜನರನ್ನ ಮೇಲೆ ಕೆಳಗೆ ಕಳಿಸ್ತೀನಿ. ನಮ್ಮದು ಹತ್ತಿರದ ಸಂಬಂಧವೇ ಆಯ್ತು," ಎಂದ.

"ಸಂಬಂಧ ಬೆಳೆಸೋಕೆ ತುಂಬಾ ಆತುರ ಪಡ್ತೀರಪ್ಪಾ!" ಎಂದಳು ಪುಟ್ಟಿ. ಅಂದಮೇಲೆ, 'ಛೇ, ನನಗೇನು ಬಂತು ಇವತ್ತು?' ಎಂದು ತುಟಿ ಕಚ್ಚಿಕೊಂಡಳು.

ಆಮೇಲೆ ಭಾನುವಾರ ಬಂತೆಂದರೆ ಇಬ್ಬರೂ ಅದೇ ಮೇಜಿನಲ್ಲಿ ಹಾಜರು. ಅವಳು ಓದುವುದು, ಅವನು ಹಳೆಯ ನಕ್ಷೆಗೂ ಈಗಿನ ಬೀದಿಗೂ ತಾಳೆ ನೋಡುವುದು. ಒಂದು ದಿನ ಅವನೇ ಒಂದು ಸಾಲು ಹಿಡಿದ. ಹಗ್ಗ ಎಳೆದು ಕಟ್ಟಲು ಬೀದಿಯ ಕೊನೆಯಲ್ಲಿ ಒಂದು ಕಲ್ಲುಕಂಬ ಇತ್ತಂತೆ!

"ಈಗ್ಲೂ ಇರಬಹುದಾ?" ಅವಳ ಕಣ್ಣು ಅರಳಿತು.

"ಕೂತು ಕೇಳಿದ್ರೆ ಹೇಗೆ ಗೊತ್ತಾಗುತ್ತೆ? ಏಳಿ!"

ಇಬ್ಬರೂ ಓಡಿದರು. ನಿಜವಾಗಿಯೂ ಓಡಿದರು! ಸೈಕಲ್ ರಿಪೇರಿ ಅಂಗಡಿಯ ಹಿಂದೆ, ಹಳೇ ಟೈರುಗಳ ರಾಶಿಯ ಮರೆಯಲ್ಲಿ ಅದು ನಿಂತಿತ್ತು. ಸೊಂಟದೆತ್ತರದ ಕಲ್ಲು. ಸುತ್ತಲೂ ಹಗ್ಗ ತಿಕ್ಕಿ ತಿಕ್ಕಿ ಮೂಡಿದ ಆಳವಾದ ಗೆರೆಗಳು.

ಪುಟ್ಟಿ ಒಂದು ಗೆರೆಯೊಳಗೆ ಬೆರಳಿಟ್ಟಳು. "ನಮ್ಮ ಮುತ್ತಜ್ಜನ ಹಗ್ಗ ಇಲ್ಲೇ ಓಡಾಡಿತ್ತು..."

ಅವನೂ ಅದೇ ಗೆರೆಯಲ್ಲಿ ಆ ಕಡೆಯಿಂದ ಬೆರಳಿಟ್ಟ. ಕಣ್ಣು ತೇವವಾಗಿತ್ತು. ಇಬ್ಬರ ಬೆರಳೂ ನಡುವೆ ಎಲ್ಲೋ ತಾಕಿದವು. ಯಾರೂ ಹಿಂದಕ್ಕೆಳೆದುಕೊಳ್ಳಲಿಲ್ಲ.

'ನಮ್ಮ ಮುತ್ತಜ್ಜನಿಗಾಗಿ ಇವನಿಗ್ಯಾಕೆ ಕಣ್ಣೀರು?' ಎಂದು ಯೋಚಿಸುವ ಸ್ಥಿತಿಯಲ್ಲಿ ಪುಟ್ಟಿ ಇರಲಿಲ್ಲ. ಅವಳ ಎದೆ ಅಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು!

ಉಳಿದದ್ದು ಒಂದೇ ಪುಸ್ತಕ. ನದಿಯ ಸೇತುವೆ ಕಟ್ಟಿದ ಕಥೆ. ಗಂಟು ಮೇಸ್ತ್ರಿ ಊರು ಬಿಟ್ಟದ್ದು ಅದೇ ವರ್ಷ. ಇಡೀ ಲೈಬ್ರರಿಗೆ ಒಂದೇ ಪ್ರತಿ.

"ಸೇತುವೆ ಪುಸ್ತಕ ವಾಪಸ್ ಬಂತಾ ಮೇಡಂ?" ಪ್ರತಿ ವಾರ ಪುಟ್ಟಿಯ ಪ್ರಶ್ನೆ.

"ಇಲ್ಲಮ್ಮ," ಪ್ರತಿ ವಾರ ಅದೇ ಉತ್ತರ.

ಪಕ್ಕದಲ್ಲೇ ಅವನು ಕಿಟಕಿಯಾಚೆ ನೋಡುತ್ತಾ ಕೂತಿರುತ್ತಿದ್ದ. ಒಂದು ಭಾನುವಾರ ಅವನು ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ.

"ನೀನೇ ಅವರನ್ನ ಕೇಳಬಾರದೇನಮ್ಮಾ?" ಎಂದರು ಮೇಡಂ. "ಪುಸ್ತಕ ಇರೋದು ಆ ಲಿಫ್ಟಿನವರ ಹತ್ರಾನೇ. ಗಂಟು ಮೇಸ್ತ್ರಿ ಅವರ ಮುತ್ತಜ್ಜ ಅಂತಲ್ಲ, ಪುಸ್ತಕ ತಗೊಳ್ಳುವಾಗ ಅವರೇ ಹೇಳಿದ್ರು! ನಿಂಗೆ ಹೇಳಿರ್ತಾರೆ ಅಂದ್ಕೊಂಡೆ..."

ಪುಟ್ಟಿ ಬಾಗಿಲಿನತ್ತ ತಿರುಗಿದಳು. ನಗುನಗುತ್ತಾ ಪಕ್ಕದಲ್ಲಿ ಕೂತಿದ್ದವನು... ಇಷ್ಟು ದಿನ ಬಾಯಿ ಬಿಡಲಿಲ್ಲವಲ್ಲ!

ಆ ಸಿಟ್ಟಿನಲ್ಲೇ ಅವನು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಹೋಗಿ ಮೆಟ್ಟಿಲು ಹತ್ತಿದಳು. ಕೊನೆಯ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು, ಅಡ್ಡಕ್ಕೆ ಕಂಬಿ ಹಾಕಿತ್ತು. ಕೆಳಗೆ ಲಿಫ್ಟಿನ ತಲೆಯ ಮೇಲೆ ಕೂತು ಅವನು ಸ್ಪ್ಯಾನರ್ ತಿರುಗಿಸುತ್ತಿದ್ದ.

"ಗಂಟು ಮೇಸ್ತ್ರಿ ನಿಮಗೇನಾಗ್ಬೇಕು?" ಅವಳ ಕೂಗು ಬಾವಿಯಂಥ ಆ ಗುಂಡಿಯೊಳಗೆ ಮೊಳಗಿತು.

ಸ್ಪ್ಯಾನರ್ ಸದ್ದು ನಿಂತಿತು.

"...ಮುತ್ತಜ್ಜ."

"ಸೇತುವೆ ಪುಸ್ತಕ?"

"ನನ್ನ ಬ್ಯಾಗಲ್ಲಿದೆ. ಅಲ್ಲೇ, ನಿಮ್ಮ ಕಾಲ ಹತ್ರ. ಆದ್ರೆ ದಯವಿಟ್ಟು ಅದನ್ನ ಓದಬೇಡಿ."

"ಯಾಕೆ? ನಮ್ಮ ಬಗ್ಗೆ ಏನೋ ಕೆಟ್ಟದ್ದಿದೆಯಾ ಅದರಲ್ಲಿ? ನೂರನೇ ವರ್ಷದ ದಿನ ನೀವೇ ನಾಲ್ಕು ಜನರ ಮುಂದೆ ಓದಿ ನಮ್ಮ ಮಾನ ಕಳೀಬೇಕು ಅಂತಾನಾ?"

"ಅಷ್ಟೇನಾ ನೀವು ನನ್ನ ತಿಳ್ಕೊಂಡಿದ್ದು?" ಅವನ ದನಿ ಕುಗ್ಗಿತು. "ಬೇರೆ ಊರಿಗೆ ಹಾಕಿ ಅಂತ ಕಂಪನೀಲಿ ಕೇಳ್ಕೊಂಡಿದೀನಿ. ಇನ್ನು ನಿಮ್ಮ ಕಣ್ಣಿಗೆ ಬೀಳಲ್ಲ."

"ಹೋಗಿ! ಓಡಿಹೋಗೋದು ನಿಮ್ಮ ಮನೆತನಕ್ಕೇ ಬಂದಿರೋ ಚಾಳಿ ತಾನೇ!"

ಬಾಯಿಂದ ಬಿದ್ದ ಮಾತು. ಮತ್ತೆ ಎತ್ತಿಕೊಳ್ಳಲು ಬರುತ್ತದೆಯೇ? ಬ್ಯಾಗಿನಿಂದ ಪುಸ್ತಕ ಕಿತ್ತುಕೊಂಡು ಅವಳು ದಡದಡನೆ ಇಳಿದುಹೋದಳು.

ಅಂಗಡಿಯಲ್ಲಿ ಅಜ್ಜಿ ನೂಲಿನ ಉಂಡೆ ಸುತ್ತುತ್ತಾ ಕೂತಿದ್ದಳು. ಅಪ್ಪ ಗಿರಾಕಿಗೆ ಹಗ್ಗ ಅಳೆಯುತ್ತಿದ್ದ. ಪುಟ್ಟಿ ಮೂಲೆಯಲ್ಲಿ ನಿಂತೇ ಪುಟ ಹುಡುಕಿದಳು.

ಸೇತುವೆಗೆ ಕಲ್ಲು ಎತ್ತುವಾಗ ಜೋಡಿ ಅಂಗಡಿಯ ಹಗ್ಗ ಹರಿಯಿತು. ಕೂಲಿಗಳಿಬ್ಬರ ಕಾಲು ಮುರಿಯಿತು. 'ಹೊಸೆದವನು ನಾನೇ' ಎಂದು ಗಂಟು ಮೇಸ್ತ್ರಿ ತಪ್ಪು ಒಪ್ಪಿಕೊಂಡು ಊರು ಬಿಟ್ಟ. ಅದರ ಕೆಳಗೆ, ಪುಸ್ತಕ ಬರೆದವರು ಸೇತುವೆಯ ಹಳೆಯ ಕೆಲಸಗಾರರನ್ನು ಕೇಳಿ ಸೇರಿಸಿದ್ದ ಮಾತು:

'ಆ ದಿನಗಳಲ್ಲಿ ಗಂಟು ಮೇಸ್ತ್ರಿಯ ಕೈಗೆ ಪೆಟ್ಟಾಗಿತ್ತು, ಅವನು ಹಗ್ಗ ಮುಟ್ಟಿಯೇ ಇರಲಿಲ್ಲ. ಹೊಸೆದವನು ಎಳೆ ಮೇಸ್ತ್ರಿ. ಅವನ ಮನೆಯಲ್ಲಿ ಆಗಷ್ಟೇ ಹುಟ್ಟಿದ ಹೆಣ್ಣು ಕೂಸಿತ್ತು. ಆ ಕೂಸಿನ ಮುಖ ನೋಡಿ ಗೆಳೆಯ ಅಪವಾದ ಹೊತ್ತು ಹೋದ.'

ಪುಟ್ಟಿ ಆ ಸಾಲುಗಳನ್ನು ಎರಡು ಸಲ ಓದಿದಳು.

ಓದಬೇಡಿ ಅಂದದ್ದು ಇದಕ್ಕಾ! ತನ್ನ ಮುತ್ತಜ್ಜನನ್ನು ಓಡಿಹೋದವನು ಅಂತ ಅವಳು ನಕ್ಕಾಗಲೂ ಅವನು ಸುಮ್ಮನಿದ್ದ. ನಿಜ ಗೊತ್ತಾದ ಮೇಲೂ ಸುಮ್ಮನಿದ್ದ. ಎಳೆ ಮೇಸ್ತ್ರಿಯ ಬಗ್ಗೆ ಅವಳಿಗಿದ್ದ ಹೆಮ್ಮೆ ಮುರಿಯಬಾರದು ಅಂತ... ಅಂಥವನಿಗೆ ತಾನೇನು ಹೇಳಿ ಬಂದೆ!

"ಏನೇ ಅದು? ಮುಖ ಯಾಕೆ ಹಾಗಾಯ್ತು?" ಅಜ್ಜಿ ಕೇಳಿದಳು.

ಮುಚ್ಚಿಡಬಹುದಿತ್ತು. ಪುಸ್ತಕ ವಾಪಸ್ ಕೊಟ್ಟುಬಿಟ್ಟರೆ ಕೇಳುವವರು ಯಾರು? ಒಂದು ಕ್ಷಣ ಆಸೆಯೂ ಆಯಿತು. ಆದರೆ ಪುಟ್ಟಿ ಅಜ್ಜಿಯ ಮುಂದೆ ಕೂತು ಜೋರಾಗಿ ಓದಿದಳು, ಒಂದು ಅಕ್ಷರ ಬಿಡದೆ.

ಅಪ್ಪ ಅಳತೆಗೋಲು ಕೆಳಗಿಟ್ಟ. "ಗೋಡೆ ಮೇಲೆ ಏನಂತ ಬರೆಸೋದು ಈಗ?"

ಅಜ್ಜಿಯ ಕೈಯಿಂದ ಉಂಡೆ ಜಾರಿ ನೆಲದುದ್ದಕ್ಕೂ ಉರುಳಿತು.

"ಆ ಕೂಸು ನಾನು ಕಣೋ," ಎಂದಳು. "ಜೀವಮಾನವೆಲ್ಲ ಆ ಪುಣ್ಯಾತ್ಮನ್ನ ಆಡ್ಕೊಂಡು ನಕ್ಕೆನಲ್ಲೋ... ಓದಿದ್ದನ್ನೇ ಬರೆಸು. ಇಬ್ಬರ ಹೆಸರನ್ನೂ ಬರೆಸು. ಅವರ ಹೆಸರು ಮೊದಲು!" ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದೇಬಿಟ್ಟಳು. "ಪುಟ್ಟೀ, ಚಪ್ಪಲಿ ಕೊಡು. ಎಲ್ಲಿದಾನೆ ಆ ಹುಡುಗ?"

"ಅಜ್ಜೀ, ಅದು ಮೇಲಿನ ಮಹಡಿ! ಲಿಫ್ಟ್ ಅಂದ್ರೆ ನಿನಗೆ ಜೀವಭಯ!"

"ಅವನೇ ರಿಪೇರಿ ಮಾಡಿರೋದು ತಾನೇ? ನಡಿ!"

ಲಿಫ್ಟ್ ಆಗಷ್ಟೇ ಓಡಲು ಶುರುವಾಗಿತ್ತು. ಅಜ್ಜಿ ಕಣ್ಣು ಮುಚ್ಚಿ, ಮೊಮ್ಮಗಳ ತೋಳು ಗಟ್ಟಿಯಾಗಿ ಹಿಡಿದು ಮೇಲೆ ಬಂದಳು. ಬಾಗಿಲು ತೆರೆದಾಗ ಅವನು ಸಾಮಾನು ಬ್ಯಾಗಿಗೆ ತುಂಬುತ್ತಿದ್ದ. ಇಬ್ಬರನ್ನೂ ಕಂಡು ಗಾಬರಿಯಿಂದ ಎದ್ದು ನಿಂತ.

ಅಜ್ಜಿ ಅವನ ಎರಡೂ ಕೈ ಹಿಡಿದುಕೊಂಡಳು. "ನಿಮ್ಮ ಮುತ್ತಜ್ಜ ನನ್ನ ಸಲುವಾಗಿ ಊರು ಬಿಟ್ಟರು ಮಗಾ. ನೀನು ಯಾರ ಸಲುವಾಗಿ ಬಿಡ್ತಿದೀಯ?"

ಅವನ ಕಣ್ಣು ಅವನಿಗೇ ಗೊತ್ತಿಲ್ಲದೆ ಪುಟ್ಟಿಯ ಕಡೆ ಹೊರಳಿತು.

"ಗೊತ್ತಾಯ್ತು ಬಿಡು," ಎಂದಳು ಅಜ್ಜಿ. "ಇಲ್ಲಿ ಗಾಳಿ ಚೆನ್ನಾಗಿದೆ. ನಾನು ಆ ಕಿಟಕಿ ಹತ್ರ ಇರ್ತೀನಿ. ನನಗೆ ಕಿವಿ ಮಂದ, ನಿಮಗೆ ಗೊತ್ತಲ್ಲ!"

ಅಜ್ಜಿಯ ಕಿವಿ ಎಷ್ಟು ಚುರುಕು ಅಂತ ಇಡೀ ಬೀದಿಗೇ ಗೊತ್ತಿತ್ತು!

ಪುಟ್ಟಿ ಮುಂದೆ ಬಂದಳು. "ಅವತ್ತೇ ಹೇಳಬಾರದಿತ್ತಾ?"

"ಮೊದಲ ದಿನ ನೀವು ನಗ್ತಾ ಇದ್ರಿ. ಆ ನಗು ನೋಡ್ತಾ ಹೇಳೋದು ಮರೆತೆ. ಆಮೇಲೆ ಪುಸ್ತಕ ಓದಿದೆ. ಆಗ ಹೇಳೋಕೆ ಮನಸ್ಸಾಗಲಿಲ್ಲ. ಪಕ್ಕದಲ್ಲಿ ಕೂತು ಸುಳ್ಳಾಡೋಕೂ ಆಗಲಿಲ್ಲ... ಅದಕ್ಕೇ ಹೊರಟೆ."

"ನಾನು ಆಡಿದ ಮಾತಿಗೆ ಕ್ಷಮಿಸಿ ಅಂದ್ರೆ ಸಾಲಲ್ಲ, ಗೊತ್ತು..." ಅವಳ ಕಣ್ಣು ತುಂಬಿ ಬಂತು. "ಆದ್ರೆ ನೀವಿಲ್ಲದ ಎರಡು ಭಾನುವಾರ ನಾನು ಒಂದು ಪುಟಾನೂ ಓದಲಿಲ್ಲ. ನನಗೆ ನೀವು ಬೇಕು. ಹೋಗಬೇಡಿ."

ಅವನ ಮುಖದಲ್ಲಿ ನಿಧಾನವಾಗಿ ನಗು ಮೂಡಿತು. "ಕೋಪ ಪೂರ್ತಿ ಹೋಯ್ತಾ?"

"ಇಲ್ಲ! ನನ್ನಿಂದ ಮುಚ್ಚಿಟ್ಟಿದ್ದಕ್ಕೆ ಇನ್ನೂ ಬೇಕಾದಷ್ಟು ಜಗಳ ಬಾಕಿ ಇದೆ."

"ಹಾಗಾದ್ರೆ ನಾನು ಎಲ್ಲಿ ತನಕ ಇರ್ಬೇಕು?"

"ಆ ಜಗಳ ಮುಗಿಯೋ ತನಕ."

"ಬೇಗ ಮುಗಿದುಹೋದ್ರೆ?"

ಪುಟ್ಟಿ ಅವನ ಬ್ಯಾಗನ್ನು ಪಕ್ಕಕ್ಕೆ ಸರಿಸಿ, ಅವನ ಕೈಯೊಳಗೆ ತನ್ನ ಕೈ ಇಟ್ಟಳು.

"ನಾನು ಮುಗಿಯೋಕೆ ಬಿಟ್ರೆ ತಾನೇ!"